ಕರಿ ಗ್ವಾಡಿ, ಬಿಳಿ ಗ್ವಾಡಿ

ವಾಗಣಗೇರಾ ಕೋಟೆಗೆ ಔರಂಗಜೇಬ 1705ರಲ್ಲಿ ಮುತ್ತಿಗೆ ಹಾಕಿದಾಗ ಬೇಡರ ಪಡೆ ಹ್ಯಾಂಗ ಕಾದಾಡಿತು ಎಂಬುದಕ್ಕೆ ಪುಟಗಟ್ಟಲೆ ಬರಹವಿದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಕಂಪನಿ ಸರಕಾರದ ವಿರುದ್ಧ ಎದ್ದು ನಿಂತದ್ದಕ್ಕೂ ಪುಸ್ತಕಗಳಿವೆ. ಇರಲಿ, ಅವು ಬೇಕು. ಆದರೆ ಅದೇ ಸುರಪುರದ, ಅದೇ ಶಹಾಪುರದ, ಅದೇ ಯಾದಗಿರಿಯ ಕೇರಿಗಳಲ್ಲಿ ಮಂದಿ ಹುಟ್ಟಿದ, ಉಂಡ, ಸತ್ತ ಕೋಣೆಯ ಒಳಗೋಡೆ ಯಾವ ಬಣ್ಣದ್ದಿತ್ತು ಅನ್ನೋದು ನಮ್ಮ ಚರಿತ್ರೆಯ ಪುಸ್ತಕದ ಪ್ರಶ್ನೆಯೇ ಆಗಿಲ್ಲ. ಗೋಡೆಯ ಬಣ್ಣ ಏನು ಮಹಾ ಮಾತು ಎಂದು ಕೇಳುವವರು ಇದ್ದಾರೆ. ಅವರ ಮನೆಯ ಗೋಡೆ ಬಹುಶಃ ಮೊದಲಿಂದಲೂ ಬೆಳ್ಳಗಿತ್ತು.

ಈಗ ಬಣ್ಣದ ಅಂಗಡಿಗೆ ಹೋದರೆ ಒಂದು ಶೇಡ್ ಕಾರ್ಡು ಕೈಗೆ ಕೊಡ್ತಾರೆ. ನೂರಾರು ಬಣ್ಣ, ನೂರಾರು ಹೆಸರು. ಕೋಣೆ ಸಣ್ಣದಿದ್ದರೆ ತಿಳಿ ಬಣ್ಣ ಹಚ್ಚಿರಿ, ದೊಡ್ಡದು ಕಾಣ್ತದ ಅಂತಾರೆ. ದೊಡ್ಡ ಕೋಣೆಗೆ ಒಂದು ಗ್ವಾಡಿಯಾದರೂ ಗಾಢ ಬಣ್ಣದ್ದಿರಲಿ, ಮನಸ್ಸಿಗೆ ಆಪ್ತ ಅನಿಸ್ತದ ಅಂತಾರೆ. ಇದೆಲ್ಲ ಅವರವರ ರುಚಿಯ ಪ್ರಶ್ನೆ ಎಂಬಂತೆ ಮಾತು. ಆ ಬಣ್ಣ ಹಚ್ಚುವ ಕೈ ಯಾರದು? ಬೆಂಗಳೂರಿನಲ್ಲಿ ಏಳುವ ಹತ್ತಂತಸ್ತು ಹದಿನೈದಂತಸ್ತಿನ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡುಗಳಿರುತ್ತವೆ. ಅಲ್ಲಿ ಹೋಗಿ ನಿಂತು ಮಾತಾಡಿಸಿ ನೋಡಿ. ನಮ್ಮ ಸಗರನಾಡಿನ ಮಾತೇ ಕೇಳ್ತದ. ಮಳಿ ಕೈಕೊಟ್ಟ ವರ್ಷ ಊರಿಗೆ ಊರೇ ಖಾಲಿಯಾಗಿ ಬೆಂಗಳೂರು, ಪುಣೆ, ಮುಂಬೈ, ಗೋವಾ ಸೇರುವುದು ಇಲ್ಲಿ ಹೊಸ ಸುದ್ದಿಯಲ್ಲ. ಹಾಗಾಗಿ ತಿಳಿ ಬಣ್ಣ, ಗಾಢ ಬಣ್ಣದ ಲೆಕ್ಕ ನಮಗೆ ಶೇಡ್ ಕಾರ್ಡಿನಿಂದ ಶುರುವಾಗುವುದಿಲ್ಲ. ನೆಲದಿಂದ ಶುರುವಾಗ್ತದೆ.

ನೆಲದ ಮಾತಿಗೇ ಬರೋಣ. ಭೀಮಾ ತೀರದ ಈ ಸೀಮೆಯ ಹೊಟ್ಟೆಯಲ್ಲಿ ಇರುವುದೇ ಸುಣ್ಣದ ಕಲ್ಲು. ಊರೂರಿನ ನೆಲಕ್ಕೆ ಹಾಸುವ ಶಹಾಬಾದ ಪರಸಿ ಕಲ್ಲೂ ಅದೇ ಜಾತಿಯದು. ಆಗ ಸುರಪುರ ತಾಲೂಕಿನಲ್ಲಿದ್ದ ಹುಣಸಗಿ ಸುತ್ತಮುತ್ತ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ವರ್ಷಾನುಗಟ್ಟಲೆ ಅಲೆದು ಆದಿಮಾನವರ ನೆಲೆಗಳನ್ನು ಹುಡುಕಿದರು. ಇಸಾಂಪುರದಲ್ಲಿ ಸುಣ್ಣಗಲ್ಲನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗ ಸಿಕ್ಕಿತು. ಅದರ ವಯಸ್ಸು ಸುಮಾರು ಹನ್ನೆರಡು ಲಕ್ಷ ವರ್ಷ ಎಂದು ಲೆಕ್ಕ ಹಾಕಿದ್ದಾರೆ. ಆಮೇಲೆ ಬಹಳ ಬಹಳ ಕಾಲದ ನಂತರ ಇದೇ ಸೀಮೆಯ ಬೂದಿಹಾಳದಲ್ಲಿ, ಕೊಡೇಕಲ್ಲಿನಲ್ಲಿ ದನ ಕಟ್ಟಿದ ಮಂದಿ ಸೆಗಣಿ ಸುಟ್ಟು ಗುಡ್ಡೆ ಹಾಕಿದ ಬೂದಿದಿಬ್ಬಗಳು ಇವೆ, ನಾಲ್ಕೈದು ಸಾವಿರ ವರ್ಷದ ಹಿಂದಿನವು. ಸುಣ್ಣಗಲ್ಲು, ಸೆಗಣಿ, ಬೂದಿ. ನಮ್ಮ ಮನೆಗಳ ಬಣ್ಣದ ಪೆಟ್ಟಿಗೆಯಲ್ಲಿ ಇರುವುದು ಬಹುಪಾಲು ಇವೇ. ಮೇಲೆ ಒಂದು ಹಿಡಿ ಕೆಮ್ಮಣ್ಣು.

ಕಲ್ಲು ಕಾಲಬುಡದಲ್ಲೇ ಇದ್ದರೂ ಸುಣ್ಣ ಪುಕ್ಕಟೆ ಬರೋದಿಲ್ಲ. ಕಲ್ಲನ್ನು ಭಟ್ಟಿಗೆ ಹಾಕಿ ಒಂಬೈನೂರು ಡಿಗ್ರಿಯ ಆಸುಪಾಸು ಕಾಯಿಸಬೇಕು. ಅಪ್ಪಟ ಸುಣ್ಣಗಲ್ಲಾದರೆ ನೂರು ಕಿಲೋ ಸುಟ್ಟರೆ ಐವತ್ತಾರು ಕಿಲೋ ಸುಣ್ಣ ಉಳಿಯುತ್ತದೆ. ಮಿಕ್ಕ ನಲವತ್ನಾಲ್ಕು ಕಿಲೋ ಇಂಗಾಲದ ಅನಿಲವಾಗಿ ಗಾಳಿಗೆ ಹೋಗುತ್ತದೆ. ನೀರು ಹಾಕಿದಾಗ ಕುದಿಯುತ್ತದೆ, ಅರಳುತ್ತದೆ. ಗೋಡೆಗೆ ಹಚ್ಚಿದ ಮೇಲೆ ಗಾಳಿಯಿಂದ ಅದೇ ಅನಿಲ ಮರಳಿ ಹೀರಿ ಮತ್ತೆ ಕಲ್ಲಾಗುತ್ತದೆ. ಬಿಳಿ ಗೋಡೆ ಅಂದರೆ ಹಾಳೆಯಷ್ಟು ತೆಳುವಾದ ಕಲ್ಲು. ಕಲ್ಲು ಒಡೆಯುವವರು, ಕಟ್ಟಿಗೆ ಹೊರುವವರು, ಭಟ್ಟಿಯ ಮುಂದೆ ಬೇಯುವವರು ಬೇಕು. ಸುಣ್ಣ ಸುಡುವ ದಗದವೇ ಒಂದು ಜಾತಿಯ ಹೆಸರಾಗಿ ಸುಣಗಾರ ಎಂದು ಉಳಿಯಿತು. ಹಸಿ ಸುಣ್ಣ ಕೈಯ ಚರ್ಮ ಸುಲಿಯುತ್ತದೆ, ಬೆರಳ ಸಂದಿ ಬಿರಿಯುತ್ತದೆ. ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಬೆಳ್ಳಗಿನ ಗೋಡೆ ನೋಡಿ ಕಣ್ಣು ತಂಪಾಯ್ತು ಅನ್ನುವವರಿಗೆ ಇದು ಗೊತ್ತಿರಲಿ.

ಹೀಗಾಗಿ ಸುಣ್ಣ ಎಂದರೆ ರೊಕ್ಕ. ರೊಕ್ಕ ಇಲ್ಲದವರು ಹಳ್ಳದ ದಂಡೆಯ ಬಿಳಿ ಮಣ್ಣು ತಂದು ಕಲಸಿ ಹಚ್ಚಿದರು. ಬಿಳಿ ಮಣ್ಣು ಒಣಗಿದಾಗ ಬೆಳ್ಳಗೇ ಕಾಣ್ತದ, ಆದರೆ ಒರಗಿದರೆ ಬೆನ್ನಿಗೆ ಬರ್ತದ. ಸುಣ್ಣದಂತೆ ಅದು ಕಲ್ಲಾಗುವುದಿಲ್ಲ. ಅದಕ್ಕೇ ಮಾನೌಮಿ ಬಂತೆಂದರೆ, ಉಗಾದಿ ಬಂತೆಂದರೆ, ಮೊಹರಮ್ಮಿಗೆ ಅಲಾಯಿ ಕೂಡ್ರೋ ಮುಂದ, ಹೆಣ್ಣುಮಕ್ಕಳು ಮತ್ತೆ ಮತ್ತೆ ಮನಿ ಸಾರಿಸಬೇಕು. ಒಂದು ವರ್ಷದಲ್ಲಿ ಎಷ್ಟು ಸಲ ಅವರ ಕೈ ಆ ಗೋಡೆಯ ಮೇಲೆ ಓಡಾಡಿದೆ ಎಂದು ಲೆಕ್ಕ ಇಟ್ಟವರಿಲ್ಲ. ಹೊರಗೆ ದುಡಿದದ್ದಕ್ಕೆ ಕೂಲಿಯ ಹೆಸರಾದರೂ ಇತ್ತು. ಇದಕ್ಕೆ ಅದೂ ಇರಲಿಲ್ಲ.

ಗೋಡೆಯ ಬುಡಕ್ಕೆ ಒಂದು ಮೊಳದಷ್ಟು ಕೆಮ್ಮಣ್ಣಿನ ಪಟ್ಟಿ ಬಳಿಯುವ ರೂಢಿ ಇದೆಯಲ್ಲ, ಅದನ್ನು ಅಂದಕ್ಕೆ ಅಂತ ಬರೆಯುತ್ತಾರೆ. ಅಂದ ಹೌದು. ಆದರೆ ಕೂತವರ ಬೆನ್ನು, ಮಕ್ಕಳ ಕೈ, ಸಾರಿಸುವಾಗ ಸಿಡಿಯುವ ಸೆಗಣಿನೀರು, ಎಲ್ಲ ತಾಗುವುದು ಆ ಬುಡದಲ್ಲೇ. ಮೇಲೆ ತಿಳಿ, ಕೆಳಗೆ ಗಾಢ ಎಂಬ ಸೂತ್ರವನ್ನು ಈ ಹೆಣ್ಣುಮಕ್ಕಳು ಯಾವ ಎಂಜಿನಿಯರನನ್ನೂ ಕೇಳದೆ ಕಂಡುಕೊಂಡಿದ್ದರು. ಆಮೇಲೆ ಸರಕಾರಿ ಆಫೀಸು, ದವಾಖಾನೆ, ಸಾಲಿಗಳಲ್ಲಿ ಕೆಳಗೆ ನಾಲ್ಕು ಫೂಟು ಎಣ್ಣೆಬಣ್ಣ, ಮೇಲೆ ಬಿಳಿ ಎಂಬ ಪದ್ಧತಿ ಬಂತು. ಲೆಕ್ಕ ಅದೇ.

ಈಗ ಊರಿನ ನಡುವಿನ ವಾಡೆಗೆ ಬರೋಣ. ವಾಡೆಯ ಒಳಗೆಲ್ಲ ಬೆಳಕೋ ಬೆಳಕು ಎಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ದಾಳಿ, ಲೂಟಿಗಳ ಈ ಸೀಮೆಯಲ್ಲಿ, 1947-48ರ ರಜಾಕಾರರ ಹಾವಳಿಯ ತನಕವೂ, ಉಳ್ಳವರ ಮನೆಗೆ ಕಿಟಕಿ ಅಂದರೆ ಭಯ. ಮೊಳಗಟ್ಟಲೆ ದಪ್ಪದ ಗೋಡೆ, ಒಂದೇ ದೊಡ್ಡ ಬಾಗಿಲು, ಮಾಳಿಗೆಯಲ್ಲಿ ಬೆಳಕಿಂಡಿ. ಮುಂದಿನ ಪಡಸಾಲೆಗೆ ಸುಣ್ಣ, ನೀಲಿ, ಕಂಬಕ್ಕೆ ಎಣ್ಣೆ. ಅಲ್ಲಿ ಗೌಡ ಕೂಡ್ರುತ್ತಾನೆ, ಕುಲಕರ್ಣಿ ಕೂಡ್ರುತ್ತಾನೆ, ಪಂಚಾಯ್ತಿ ನಡೆಯುತ್ತದೆ. ನಡುಮನೆ ದಾಟಿ ಒಳಗೆ ಹೋದಂತೆ ಕತ್ತಲೆ. ಅಲ್ಲಿ ಜೋಳದ ಚೀಲ, ಬಂಗಾರದ ಪೆಟ್ಟಿಗೆ, ಬಾಣಂತಿ, ಒಲೆ. ಗಂಡಸಿನ ಕೂಟಕ್ಕೆ ತಿಳಿ ಗೋಡೆ, ಹೆಂಗಸಿನ ಬದುಕಿಗೆ ಹೊಗೆಗೋಡೆ, ಒಂದೇ ಮಾಳಿಗೆಯ ಕೆಳಗೆ. ಮೇಲುಜಾತಿಯ ಹೆಣ್ಣೂ ಕತ್ತಲೆಯ ಪಾಲಿನವಳೇ ಎಂದು ಹೇಳಲು ನಾವು ಹಿಂಜರಿಯಬೇಕಾಗಿಲ್ಲ. ಆದರೆ ವಾಡೆಯ ಕತ್ತಲೆ ಕಾಳು ಕಾಯುತ್ತಿತ್ತು. ಕೇರಿಯ ಕತ್ತಲೆಯಲ್ಲಿ ಕಾಯಲು ಏನೂ ಇರಲಿಲ್ಲ.

ಕಂಪನಿ ಸರಕಾರದ ಅಧಿಕಾರಿಯಾಗಿ ಮೆಡೋಸ್ ಟೇಲರ್ ಸುರಪುರಕ್ಕೆ ಬಂದದ್ದು 1840ರ ದಶಕದ ಆರಂಭದಲ್ಲಿ. ಅವನು ಮನೆ ಕಟ್ಟಿಸಿಕೊಂಡದ್ದು ಗುಡ್ಡದ ನೆತ್ತಿಯ ಮೇಲೆ. ಟೇಲರ್ ಮಂಜಿಲ್ ಎಂದು ಇಂದಿಗೂ ಅದನ್ನು ಕರೀತಾರೆ. ಊರನ್ನು ಆಳುವವನಿಗೆ ಗಾಳಿ ಬೆಳಕು ನಾಲ್ಕೂ ದಿಕ್ಕಿನಿಂದ ಬೇಕು. ಟೇಲರ್ ಕೆಟ್ಟವನೇನಲ್ಲ, ಕೆರೆಕಟ್ಟೆಗಳ ಬಗ್ಗೆ ಕಾಳಜಿ ಇದ್ದವನು, ಈ ಸೀಮೆಯ ಕಲ್ಗೋರಿಗಳನ್ನು ಅಗೆದು ಬರೆದವನು. ಅವನ ಆತ್ಮಕಥೆಯನ್ನು ಓದಬೇಕು. ಗುಡ್ಡದ ಬುಡದ ಗುಡಿಸಲೊಳಗೆ ಬಗ್ಗಿ ನೋಡುವುದು ಅವನ ಕೆಲಸದ ಪಟ್ಟಿಯಲ್ಲಿರಲಿಲ್ಲ. 1860ರಲ್ಲಿ ಸುರಪುರ ನಿಜಾಮನ ಕೈಗೆ ಹೋಯಿತು. ಆಳುವವರು ಬದಲಾದರು. ಬಿಟ್ಟಿ ಚಾಕರಿ ಬದಲಾಗಲಿಲ್ಲ. 1949ರಲ್ಲಿ ಜಾಗೀರು ರದ್ದಾಗುವ ತನಕ ಹೈದರಾಬಾದು ಸಂಸ್ಥಾನದಲ್ಲಿ ನಡೆದ ಬಿಟ್ಟಿಯ ಲೆಕ್ಕದಲ್ಲಿ ಮಣ್ಣು ಹೊರುವುದೂ ಇತ್ತು, ಕಟ್ಟಿಗೆ ಒಡೆಯುವುದೂ ಇತ್ತು.

ಕೇರಿಯ ಮನೆ ಹ್ಯಾಂಗಿತ್ತು? ಒಂದು ಅಂಕಣ, ಹೆಚ್ಚೆಂದರೆ ಎರಡು. ಬಗ್ಗಿ ಒಳಗೆ ಹೋಗಬೇಕಾದ ಬಾಗಿಲು. ಕಿಟಕಿ ಇಲ್ಲ. ಒಳಗೇ ಒಲೆ. ಉರಿಸುವುದು ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು. ಮೂರೂ ಹೊಗೆಯ ರಾಶಿ. ಸಗರನಾಡು ತೊಗರಿಯ ನಾಡು ಅಂತ ಹೆಮ್ಮೆ ಪಡುತ್ತೇವೆ. ತೊಗರಿ ಸಾವುಕಾರನ ಗೋದಾಮಿಗೆ ಹೋಯಿತು. ತೊಗರಿಯ ಕಟ್ಟಿಗೆ ನಮ್ಮ ಒಲೆಗೆ ಬಂತು, ಅದರ ಮಸಿ ನಮ್ಮ ಗೋಡೆಗೆ, ಹೆಣ್ಣುಮಕ್ಕಳ ಎದೆಗೂಡಿಗೆ ಹೋಯಿತು. ಮೂರು ತಿಂಗಳಿಗೇ ಬಿಳಿ ಮಣ್ಣಿನ ಗೋಡೆ ಕಂದು, ವರ್ಷಕ್ಕೆ ಕಪ್ಪು. ಕೇರಿಯ ಗೋಡೆಯ ಗಾಢ ಬಣ್ಣ ಯಾರೂ ಆರಿಸಿಕೊಂಡದ್ದಲ್ಲ. ಕಿಟಕಿ ಇಲ್ಲದ ಮನೆಗೆ ಒಲೆ ತಾನಾಗಿ ಬಳಿದ ಬಣ್ಣ ಅದು.

ಸುಣ್ಣ ಹಚ್ಚಿಕೊಳ್ಳಬಾರದಿತ್ತೇ ಎಂದು ಕೇಳಬಹುದು. ಅಂಬೇಡ್ಕರ್ ಅವರು ಹಳ್ಳಿಯ ಕಟ್ಟಳೆಗಳನ್ನು ಪಟ್ಟಿ ಮಾಡಿದ್ದಾರೆ. ಅಸ್ಪೃಶ್ಯರು ಹಂಚಿನ ಮನೆ ಕಟ್ಟಿದರೆ ಅಪರಾಧ, ಶುಭ್ರ ಬಟ್ಟೆ ತೊಟ್ಟರೆ ಅಪರಾಧ, ಬೆಳ್ಳಿ ಬಂಗಾರ ಇಟ್ಟರೆ ಅಪರಾಧ. 1936ರ 'ಜಾತಿ ವಿನಾಶ'ದಲ್ಲಿ ಇಂದೋರಿನ ಕಡೆಯ ಬಲಾಯಿ ಜನರ ಪ್ರಸಂಗ ಬರುತ್ತದೆ. 1928ರಲ್ಲಿ ಅಲ್ಲಿನ ಮೇಲುಜಾತಿಯವರು ಹೇರಿದ ನಿಯಮಗಳಲ್ಲಿ ಒಂದು, ಬಲಾಯಿಗಳು ಬಣ್ಣದ ಅಂಚಿನ ಧೋತರ ಉಡಬಾರದು ಎಂಬುದು. ಒಂದು ಬೆರಳಗಲದ ಅಂಚಿನ ಬಣ್ಣವನ್ನು ಸಹಿಸದ ಸಮಾಜ ಒಂದು ಇಡೀ ಗೋಡೆಯ ಬಿಳುಪನ್ನು ಸಹಿಸಿತೇ? ನಮ್ಮ ಊರುಗಳಲ್ಲಿ ಇದಕ್ಕೆ ಬರೆದಿಟ್ಟ ಕಾನೂನು ಬೇಕಿರಲಿಲ್ಲ. ‘ಏನಲೇ, ಮನೀಗಿ ಸುಣ್ಣ ಹೊಡದೀದಿ, ಭಾಳ ಸೊಕ್ಕ ಬಂದದ’ ಎಂಬ ಧಾಟಿಯ ಒಂದು ಮಾತು ಕಟ್ಟೆಯ ಮೇಲಿಂದ ಬಂದರೆ ಸಾಕು. ಬಿಳಿ ಅಂದರೆ ಸ್ವಚ್ಛ ಎಂಬುದಕ್ಕಿಂತ ಬಿಳಿ ಅಂದರೆ ಸೊಕ್ಕು ಎಂಬುದು ಕೇರಿಗೆ ಮೊದಲು ಗೊತ್ತಾದ ಅರ್ಥ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಬಿಳಿ ಸುಣ್ಣ ಗೋಡೆಗೆ ಗಟ್ಟಿಯಾಗಿ ಹಿಡಿಯಲಿ ಎಂದು ಅಂಟು ಬೆರೆಸುತ್ತಿದ್ದರು. ಗೋಂದು ಬೆರೆಸಿದ್ದುಂಟು, ಗಂಜಿ ಬೆರೆಸಿದ್ದುಂಟು. ಸರೇಸೂ ಬೆರೆಸಿದರು. ಆಮೇಲೆ ಪೇಟೆಗೆ ಬಂದ ಹಳೆಯ ಒಣ ಡಿಸ್ಟೆಂಪರಿನ ಅಂಟೂ ಬಹುಮಟ್ಟಿಗೆ ಸರೇಸು, ಇಲ್ಲವೆ ಹಾಲಿನಿಂದ ತೆಗೆದ ಕೇಸೀನು. ಸರೇಸು ಎಂದರೇನು? ದನದ ಚರ್ಮ, ಎಲುಬು, ನರ ಕುದಿಸಿ ತೆಗೆದ ಅಂಟು. ಸತ್ತ ದನ ಎಳೆದವರು ಯಾರು, ಚರ್ಮ ಸುಲಿದವರು ಯಾರು ಎಂದು ಬೇರೆ ಹೇಳಬೇಕೆ? ಆ ಚರ್ಮದ ಅಂಟು ದೇವರಕೋಣೆಯ ಬೆಳ್ಳನೆ ಗೋಡೆಯನ್ನು ಹಿಡಿದು ನಿಲ್ಲಿಸಿತು. ಅಂಟು ಒಳಗೆ ಹೋಯಿತು, ಅಂಟಿನ ಹಿಂದಿನ ಮನುಷ್ಯ ಹೊರಗುಳಿದ. ಗಾಢ ಬಣ್ಣಗಳ ಕಡೆ ನೋಡಿದರೂ ಅಷ್ಟೆ. ಎಲುಬು ಸುಟ್ಟು ಮಾಡಿದ ಕರಿ, ದೀಪದ ಕಾಡಿಗೆಯ ಕರಿ, ಇವೇ ಹಳೆಯ ಚಿತ್ರಗಾರರ ಕಪ್ಪು. ಸುರಪುರದ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಕಲೆಯಲ್ಲಿ ಬಂಗಾರದ ರೇಕು ಮಿಂಚುತ್ತದೆ. ಆ ಚಿತ್ರಗಳು ಚೆಲುವಾಗಿವೆ, ಅದರಲ್ಲಿ ಅನುಮಾನವಿಲ್ಲ. ಅದೇ ಊರಿನ ಒಂದು ಗೋಡೆಗೆ ಬಂಗಾರ, ಇನ್ನೊಂದಕ್ಕೆ ಮಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಚರಿತ್ರೆ ಓದುವವರ ಕೆಲಸ.

ಬಿಳಿ ಸುಣ್ಣದ ಇನ್ನೊಂದು ಚರಿತ್ರೆ ಕಡಲಾಚೆಯದು. ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲಿ ಅನಾಥ ಮಕ್ಕಳನ್ನು ದುಡಿಸುತ್ತಿದ್ದ ಕಾಲದಲ್ಲಿ, 1802ರಲ್ಲಿ, ಅಲ್ಲಿನ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು. ಗಿರಣಿಯ ಒಳಗೋಡೆಗೆ ವರ್ಷಕ್ಕೆ ಎರಡು ಸಲ ಸುಣ್ಣ ಹಚ್ಚಬೇಕು, ಗಾಳಿಗೆ ಕಿಟಕಿ ಇರಬೇಕು. ಬಂಡವಾಳಶಾಹಿಗೆ ಬಡಮಕ್ಕಳ ಮೇಲೆ ಪ್ರೀತಿ ಉಕ್ಕಿತೆಂದಲ್ಲ. ಗಿರಣಿಯಲ್ಲಿ ಹುಟ್ಟಿದ ಜ್ವರ ಗಿರಣಿಯ ಒಳಗೇ ನಿಲ್ಲುತ್ತಿರಲಿಲ್ಲ. ಹಸಿ ಸುಣ್ಣದ ಕ್ಷಾರ ರೋಗಾಣುಗಳನ್ನು ಕೊಲ್ಲುತ್ತದೆ, ಅದು ನಿಜ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಬ್ರಿಟಿಷರು ಕೂಲಿಕಾರರ ಚಾಳುಗಳಿಗೆ ನುಗ್ಗಿ ಸುಣ್ಣ ಬಳಿಸಿದರು. ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆಯಲ್ಲೂ ಇತ್ತು: ಪೇಂಟು ಹಚ್ಚದ ಒಳಗೋಡೆಗೆ ಹದಿನಾಲ್ಕು ತಿಂಗಳಿಗೊಮ್ಮೆಯಾದರೂ ಸುಣ್ಣ ಹಚ್ಚಬೇಕು. ಕೂಲಿಕಾರ ದುಡಿಯುವ ಗೋಡೆ ಆ ಕಾನೂನಿನ ಪ್ರಕಾರ ಬೆಳ್ಳಗಿರಬೇಕಿತ್ತು. ಅವನು ಮಲಗುವ ಗೋಡೆಗೆ ಯಾವ ಕಾನೂನೂ ಇಲ್ಲ. ಹೊಲದಲ್ಲಿ ದುಡಿಯುವವನಿಗಂತೂ ದುಡಿಯುವ ಕಡೆ ಗೋಡೆಯೇ ಇಲ್ಲ.

ನಮ್ಮಲ್ಲಿ ಕೇರಿಯ ಮಗು ಮೊಟ್ಟಮೊದಲು ಒಳಗಿನಿಂದ ನೋಡಿದ ಬಿಳಿ ಗೋಡೆ ಬಹಳ ಕಡೆ ಸಾಲಿಯದು. ಅದೂ ಒಳಗೆ ಕೂಡ್ರಲು ಬಿಟ್ಟರೆ. ಬಾಗಿಲಾಚೆ ಕೂತು ಓದಿದ ತಲೆಮಾರಿನವರಿಗೆ ಸಾಲಿಯ ಒಳಗೋಡೆ ಒಂದು ಬಾಗಿಲಗಲದಷ್ಟೇ ಗೊತ್ತು. ಒಳಗೆ ಹೋದವರು ಕಂಡದ್ದು ಬಿಳಿ ಗೋಡೆಯ ನಡುವೆ ಕರಿಹಲಗೆ. ಮೇಷ್ಟ್ರುಗಳು ಗಮನಿಸಬೇಕು: ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿ ಕಾಣುವುದು ಕಪ್ಪಿನಿಂದ. ಹಾಗೆಂದು ಆ ಕಪ್ಪಿನ ಸುತ್ತಲ ಗೋಡೆಯೂ ಕಪ್ಪಾದರೆ ಹಿಂದಿನ ಸಾಲಿನ ಮಗುವಿಗೆ ಪುಸ್ತಕ ಕಾಣುವುದಿಲ್ಲ. ಕರೆಂಟು ಇಲ್ಲದ ಸಾಲಿಯಲ್ಲಿ, ಒಂದೇ ಕಡೆ ಕಿಟಕಿ ಇದ್ದರೆ, ಎದುರು ಗೋಡೆ ಬೆಳ್ಳಗಿರಲೇಬೇಕು. ಆ ಗೋಡೆಯೇ ಎರಡನೆಯ ಕಿಟಕಿ. ಹಿಂದಿನ ಸಾಲಿನಲ್ಲಿ ಯಾರ ಮಕ್ಕಳು ಕೂಡ್ರುತ್ತಿದ್ದರು ಎಂಬುದೂ ಮೇಷ್ಟ್ರಿಗೆ ಗೊತ್ತೇ ಇದೆ.

ಇದರ ಲೆಕ್ಕವನ್ನು ಮಕ್ಕಳಿಗೆ ಹಲಗೆಯ ಮೇಲೆ ಹಾಕಿ ತೋರಿಸಬಹುದು. ಹೊಸ ಸುಣ್ಣದ ಗೋಡೆ ತನ್ನ ಮೇಲೆ ಬಿದ್ದ ನೂರು ಪಾಲು ಬೆಳಕಿನಲ್ಲಿ ಎಂಬತ್ತರಷ್ಟನ್ನು ಮರಳಿ ಕೊಡುತ್ತದೆ. ಗಾಢ ಬೂದು, ಗಾಢ ಕಂದು ಗೋಡೆ ಹತ್ತರ ಆಸುಪಾಸು. ಮಸಿ ಹಿಡಿದ ಗೋಡೆ ಐದಕ್ಕಿಂತ ಕಡಿಮೆ. ನೆಲ, ಮಾಳಿಗೆ, ಗೋಡೆ ಎಲ್ಲ ಸೇರಿ ಒಂದು ಮನೆಯ ಸರಾಸರಿ ಅರವತ್ತು, ಇನ್ನೊಂದರದು ಇಪ್ಪತ್ತು ಎಂದಿಟ್ಟುಕೊಳ್ಳಿ. ಮೊದಲ ಮನೆಯಲ್ಲಿ ದೀಪದ ನೂರು ಪಾಲು ಬೆಳಕು ಗೋಡೆಗೆ ತಾಗಿ ಅರವತ್ತಾಗಿ ಮರಳುತ್ತದೆ, ಅದು ಇನ್ನೊಂದು ಗೋಡೆಗೆ ತಾಗಿ ಮೂವತ್ತಾರು, ಮತ್ತೆ ಇಪ್ಪತ್ತೊಂದೂವರೆ, ಹೀಗೆ ಕೂಡುತ್ತಾ ಹೋದರೆ ಇನ್ನೂರೈವತ್ತು. ಎರಡನೆಯ ಮನೆಯಲ್ಲಿ ನೂರು, ಇಪ್ಪತ್ತು, ನಾಲ್ಕು, ಮುಗಿಯಿತು. ಕೂಡಿದರೆ ನೂರಿಪ್ಪತ್ತೈದು. ಅದೇ ದೀಪ, ಅದೇ ಎಣ್ಣೆ. ಒಬ್ಬರ ಮನೆಯಲ್ಲಿ ಒಂದು ದೀಪ ಎರಡು ದೀಪದ ಕೆಲಸ ಮಾಡಿತು.

1980ರ ಸುಮಾರಿಗೆ ಭಾಗ್ಯಜ್ಯೋತಿ ಬಂದಾಗ ಕೇರಿಗೆ ಸಿಕ್ಕದ್ದು ಒಂದು ಬಲ್ಬು, ನಲವತ್ತು ವ್ಯಾಟಿನದು. ಅದಕ್ಕೂ ಮುಂಚೆ ದೇವರಾಜ ಅರಸರ ಕಾಲದಿಂದ ಜನತಾ ಮನೆಗಳು ಬರತೊಡಗಿದ್ದವು. ಆ ಒಂದು ಬಲ್ಬು ಮಸಿ ಗೋಡೆಯ ನಡುವೆ ಉರಿದಾಗ ಬಲ್ಬೇ ಕಂಡಿತು, ಮನೆ ಕಾಣಲಿಲ್ಲ. ಸುಣ್ಣ ಹಚ್ಚಿದ ಮನೆಯಲ್ಲಿ ಮಗು ಮೂಲೆಯಲ್ಲಿ ಕೂತೂ ಓದಬಹುದು. ಮಸಿಯ ಮನೆಯಲ್ಲಿ ಬಲ್ಬಿನ ಕೆಳಗೇ ಬರಬೇಕು. ಬಲ್ಬಿನ ಕೆಳಗೆ ಅವ್ವ ರೊಟ್ಟಿ ಬಡೀತಿರುತ್ತಾಳೆ. ಸರಕಾರ ಕರೆಂಟಿನ ಲೆಕ್ಕ ಇಟ್ಟಿತು, ಒಂದು ಚೀಲ ಸುಣ್ಣದ ಲೆಕ್ಕ ಇಡಲಿಲ್ಲ. ಆ ಚೀಲವನ್ನೂ ಕೊಟ್ಟಿದ್ದರೆ ಬಲ್ಬಿನ ಬೆಳಕು ದುಪ್ಪಟ್ಟಾಗುತ್ತಿತ್ತು.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕತ್ತಲೆ ಮನಿ ತಂಪು, ಬೆಳ್ಳಗಿನ ಮನಿ ಬಿಸಿ ಅನ್ನೋ ಮಾತೊಂದು ಇದೆ. ನಲವತ್ತು ಡಿಗ್ರಿ ದಾಟುವ ನಮ್ಮ ಬ್ಯಾಸಗಿಯಲ್ಲಿ ಇದನ್ನು ನಂಬಿದವರನ್ನು ಬೈಯಲಾಗದು. ಆದರೆ ಹಳೆಯ ಮನೆ ತಂಪಿದ್ದುದು ದಪ್ಪ ಮಣ್ಣಿನ ಗೋಡೆಯಿಂದ, ಮಾಳಿಗೆಯ ಮೇಲಿನ ಗೇಣುದ್ದ ಮಣ್ಣಿನಿಂದ, ಬಿಸಿಲು ಒಳಗೆ ಬಾರದ್ದರಿಂದ. ಒಳಗೋಡೆ ಕಪ್ಪಿದ್ದುದರಿಂದಲ್ಲ. ಬಿಸಿಲು ನೇರ ಬೀಳುವ ಹೊರಗೋಡೆ, ಮಾಳಿಗೆಯ ಬಣ್ಣ ಮಾತ್ರ ಸೆಕೆಯನ್ನು ಹೆಚ್ಚು ಕಡಿಮೆ ಮಾಡುತ್ತದೆ. ಅಲ್ಲಿ ಬಿಳಿ ಹಚ್ಚಿದರೆ ಒಳಗೆ ತಂಪು. ಜನತಾ ಮನೆಯ ತಗಡು, ತೆಳು ಗೋಡೆಯ ಕೆಳಗೆ ಬೇಯುವವರಿಗೆ ಇದು ಗೊತ್ತಿದ್ದರೆ ಮಾಳಿಗೆಗೊಂದು ಕೈ ಸುಣ್ಣ ಹೊಡೆಯಬಹುದು, ಖರ್ಚು ದೊಡ್ಡದಲ್ಲ.

ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿದು ಕಾಲುವೆ ಬಂದ ಮೇಲೆ ಶಹಾಪುರ ಸುರಪುರದ ಬಯಲಲ್ಲಿ ಭತ್ತ ಬಂತು, ಕ್ಯಾಂಪುಗಳು ಬಂದವು, ಸಿಮೆಂಟು ಮನೆ ಬಂದವು. ಗಚ್ಚಿನ ಗೋಡೆಗೆ ಎಣ್ಣೆಬಣ್ಣ ಬಂತು. ಹಸಿರು, ಗುಲಾಬಿ, ಹಳದಿ. ನೀರಿದ್ದವರ ಗೋಡೆ ಬಣ್ಣ ಬಣ್ಣವಾಯಿತು, ಕಾಲುವೆಯ ಕೊನೆಯ ಊರುಗಳ ಮಂದಿ ಆ ಗೋಡೆಗಳಿಗೆ ಮಣ್ಣು ಹೊತ್ತರು.

ಕೇರಿಗೆ ಬಂದ ಬಣ್ಣ ನೀಲಿ. ಇದರ ಕತೆ ಎರಡು ದಾರಿಯಿಂದ ಬರುತ್ತದೆ. ಹಳದಿಗಟ್ಟುವ ಸುಣ್ಣವನ್ನು ಬೆಳ್ಳಗೆ ಕಾಣಿಸಲು ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಚಿಟಿಕೆ ಬೆರೆಸುವ ರೂಢಿ ಇತ್ತು. ಒಂದು ಚಿಟಿಕೆ ಹೆಚ್ಚಾದರೆ ಗೋಡೆಯೇ ತಿಳಿ ನೀಲಿ. ಒಂದು ಕಾಲಕ್ಕೆ ಈ ನೀಲಿ ಅಫಘಾನಿಸ್ತಾನದ ರತ್ನದ ಕಲ್ಲು ಅರೆದು ತೆಗೆದದ್ದು, ಬಂಗಾರದ ಬೆಲೆಯದು, ಅರಸರ ಚಿತ್ರಕ್ಕೆ ಮಾತ್ರ. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಅದನ್ನು ಕಾರ್ಖಾನೆಯಲ್ಲಿ ಮಾಡುವ ದಾರಿ ಕಂಡುಕೊಂಡ ಮೇಲೆ ಅದು ಪುಡಿಗಾಸಿನ ಪುಡಿಯಾಯಿತು, ಅಗಸರ ಮನೆಗೆ ಬಂತು, ಕೇರಿಗೂ ಬಂತು. ಇನ್ನೊಂದು ದಾರಿ ನಾಗಪುರದಿಂದ. 1942ರಲ್ಲಿ ಅಲ್ಲಿ ಹುಟ್ಟಿದ ಪರಿಶಿಷ್ಟ ಜಾತಿಗಳ ಫೆಡರೇಷನ್ನಿನ ಬಾವುಟ ನೀಲಿ. ಗುಲ್ಬರ್ಗದಲ್ಲಿ ಬಿ. ಶ್ಯಾಮಸುಂದರ್ 1968ರಲ್ಲಿ ಭೀಮಸೇನೆ ಕಟ್ಟಿದರು. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಊರೂರಿಗೆ ಬಂತು. ಏಪ್ರಿಲ್ 14ರ ಮುಂಚೆ ಮನಿಗೆ ನೀಲಿ ಸುಣ್ಣ ಬಳಿಯುವವರು ಅದನ್ನು ಹಬ್ಬದ ಬಣ್ಣವೆಂದೂ ಬಳಿದರು, ಬಾವುಟದ ಬಣ್ಣವೆಂದೂ ಬಳಿದರು. ಸೊಕ್ಕು ಎಂದು ಕಟ್ಟೆಯ ಮೇಲಿಂದ ಮಾತು ಬಂದರೆ ಈಗ ಮರುಮಾತು ಇತ್ತು. ಅದಕ್ಕೆ ಹೊಡೆತವೂ ಬಿದ್ದದ್ದುಂಟು.

ಸಾಹಿತಿ ಗೆಳೆಯರಿಗೂ ಒಂದು ಮಾತು. ನಮ್ಮ ಕತೆ ಕವಿತೆಗಳಲ್ಲಿ ಕೇರಿ ಅಂದರೆ ಕತ್ತಲೆ, ಅಕ್ಷರ ಅಂದರೆ ಬೆಳಕು ಎಂದು ಬರೆದೂ ಬರೆದೂ ಅದು ಜಡವಾಗಿದೆ. ಮುಂಬಯಿಯ ದಲಿತ ಪ್ಯಾಂಥರ್ ಗೆಳೆಯರು 1972ರಲ್ಲಿ ಅಮೆರಿಕದ ಕರಿಯರ ಚಳವಳಿಯ ಹೆಸರನ್ನು ಎತ್ತಿಕೊಂಡಾಗ ಕಪ್ಪು ಎಂಬುದು ಬೈಗುಳವಾಗಿ ಉಳಿಯಲಿಲ್ಲ. ಅದು ಸರಿ. ಹಾಗೆಂದು ಮಸಿ ಗೋಡೆಯನ್ನು ಹಾಡಿ ಹೊಗಳುವುದೂ ಸರಿಯಲ್ಲ. ನಮ್ಮ ಮೈಯ ಕಪ್ಪು ನಮ್ಮದು. ಗೋಡೆಯ ಕಪ್ಪು ಕಿಟಕಿ ಇಲ್ಲದ್ದರಿಂದ ಬಂದದ್ದು. ಎರಡನ್ನೂ ಒಂದೇ ಪದದಲ್ಲಿ ಕಟ್ಟಿ ಕವಿತೆ ಬರೆಯುವಾಗ ಎಚ್ಚರ ಬೇಕು. ಒಳಗೆ ಕೆಮ್ಮುತ್ತಾ ಒಲೆ ಊದುವವಳಿಗೆ ಅದು ರೂಪಕವಲ್ಲ. 2016ರಿಂದ ಉಜ್ವಲಾ ಗ್ಯಾಸು ಬಂದಿದೆ, ಸಿಲಿಂಡರು ತುಂಬಿಸಲು ರೊಕ್ಕ ಇಲ್ಲದ ತಿಂಗಳು ಮತ್ತೆ ತೊಗರಿ ಕಟ್ಟಿಗೆಯೇ ಉರಿಯುತ್ತದೆ, ಗೋಡೆ ನೋಡಿದರೆ ಗೊತ್ತಾಗುತ್ತದೆ.

ಉಳ್ಳವರ ಕಡೆ ಈಗ ಗಾಳಿ ತಿರುಗಿದೆ. 1925ರಲ್ಲಿ ಲೆ ಕಾರ್ಬುಸಿಯೆ, ಆಮೇಲೆ ಚಂಡೀಗಢ ಕಟ್ಟಿದವನು, ಎಲ್ಲರೂ ಗೋಡೆಗೆ ಬಿಳಿ ಹಚ್ಚಬೇಕೆಂದು ವಾದಿಸಿದ, ಬಿಳಿ ಗೋಡೆಯ ಮುಂದೆ ಸುಳ್ಳು ನಿಲ್ಲುವುದಿಲ್ಲ ಎಂಬ ಧಾಟಿಯಲ್ಲಿ. 1933ರಲ್ಲಿ ಜಪಾನಿನ ತಾನಿಝಾಕಿ ನೆರಳಿನ ಚೆಲುವನ್ನು ಹೊಗಳಿ ಪ್ರಬಂಧ ಬರೆದ. ಇಬ್ಬರೂ ತಮ್ಮ ತಮ್ಮ ನೆಲದಲ್ಲಿ ನಿಂತು ಮಾತಾಡಿದರು. ಇವತ್ತು ಬೆಂಗಳೂರಿನ ಫ್ಲ್ಯಾಟಿನಲ್ಲಿ ಗಾಢ ಬೂದು, ಗಾಢ ಹಸಿರು, ಅಷ್ಟೇ ಏಕೆ ಪೂರ್ತಿ ಕಪ್ಪು ಗೋಡೆ ಕೂಡ ಬೇಕೆನ್ನುವವರಿದ್ದಾರೆ. ಬಳಿಸಿಕೊಳ್ಳಲಿ, ಅವರ ಗೋಡೆ. ಆದರೆ ಆ ಕೋಣೆಗೆ ಆಳೆತ್ತರದ ಗಾಜಿನ ಕಿಟಕಿ ಇದೆ, ಮಾಳಿಗೆಯಲ್ಲಿ ಹತ್ತು ದೀಪಗಳಿವೆ, ಗೋಡೆ ತಿಂದ ಬೆಳಕಿಗೆ ಬೆಲೆ ಕಟ್ಟುವ ಕೈ ಇದೆ. ಗಾಢ ಬಣ್ಣ ರುಚಿಯಾಗುವುದು ಬೆಳಕಿಗೆ ಬರವಿಲ್ಲದ ಮನೆಯಲ್ಲಿ.

ಆ ಗೋಡೆಯನ್ನು ಬಳಿಯುವ ಮೊದಲು ಹಳೆಯ ಬಣ್ಣ ಉಜ್ಜಬೇಕು. ಮರಳುಕಾಗದ ಹಿಡಿದು ದಿನವಿಡೀ ಉಜ್ಜುವ ಹುಡುಗರ ಮೂಗು ಬಾಯಿ ತುಂಬ ಧೂಳು. ಹಳೆಯ ಎಣ್ಣೆಬಣ್ಣದಲ್ಲಿ, ಅದರಲ್ಲೂ ಹಳದಿ ಕೆಂಪು ಬಣ್ಣಗಳಲ್ಲಿ, ಸೀಸ ಇರುತ್ತಿತ್ತು. ಸೀಸದ ಬಿಳಿ ಬಣ್ಣವನ್ನು ಮನೆಯೊಳಗೆ ಹಚ್ಚುವುದನ್ನು ತಡೆಯಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1921ರಲ್ಲೇ ಒಪ್ಪಂದ ಮಾಡಿತ್ತು. ಭಾರತದಲ್ಲಿ ಮನೆಬಣ್ಣದ ಸೀಸಕ್ಕೆ ಹತ್ತು ಲಕ್ಷದಲ್ಲಿ ತೊಂಬತ್ತು ಪಾಲು ಎಂಬ ಮಿತಿಯ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮುಂಚಿನ ಗೋಡೆಗಳೆಲ್ಲ ಹಾಗೇ ಇವೆ. ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು. ಉಜ್ಜುವ ಮುಂಚೆ ಗೋಡೆಗೆ ನೀರು ಚಿಮುಕಿಸಬೇಕು, ಉಣ್ಣುವ ಮುಂಚೆ ಕೈ ಬಾಯಿ ತೊಳೆಯಬೇಕು, ಆ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬಾರದು. ಸಂಘಟನೆಯ ಗೆಳೆಯರು ಶೆಡ್ಡುಗಳಿಗೆ ಹೋದಾಗ ಭಾಷಣಕ್ಕಿಂತ ಮೊದಲು ಇದನ್ನು ಹೇಳಬೇಕು.

ಕೆಲಸ ಮುಗಿದು ಹಬ್ಬಕ್ಕೆ ಊರಿಗೆ ಬರುವಾಗ ಹುಡುಗರು ಉಳಿದ ಬಣ್ಣದ ಡಬ್ಬಿ ತರುತ್ತಾರೆ. ಸುರಪುರ ತಾಲೂಕಿನ ಒಂದು ಊರಿನ ಕೇರಿಯಲ್ಲಿ ಹಾಗೆ ತಂದ ಗಾಢ ಬೂದು ಬಣ್ಣ ಹಚ್ಚಿದ ಮನೆಯೊಂದನ್ನು ನಾನು ಕಂಡೆ. ಹತ್ತು ಫೂಟಿನ ಕೋಣೆ, ಒಂದು ಕಿಟಕಿ, ಒಂದು ಬಲ್ಬು. ಮಗ ಬೆಂಗಳೂರಿನಲ್ಲಿ ಯಾರ ಮನೆಗೋ ಹಚ್ಚಿ, ಚೆಂದ ಕಂಡದ್ದಕ್ಕೆ ತಂದಿದ್ದ. ಬಣ್ಣ ನುಣುಪಾಗಿತ್ತು, ಕೆಲಸಗಾರನ ಕೈ ಅಂತ ಗೊತ್ತಾಗುತ್ತಿತ್ತು. ಅವನು ಮರಳಿ ಹೋದ ಮೇಲೆ ತಾಯಿಗೆ ಅಕ್ಕಿಯಲ್ಲಿ ಹರಳು ಕಾಣಲಿಲ್ಲ. ಅದರ ಮೇಲೆ ಸುಣ್ಣ ಬಳಿದಳು. ಪ್ಲಾಸ್ಟಿಕ್ ಬಣ್ಣದ ಮೇಲೆ ಸುಣ್ಣ ಹಿಡಿಯುವುದಿಲ್ಲ, ವಾರದೊಳಗೆ ಹಪ್ಪಳ ಹಪ್ಪಳವಾಗಿ ಉದುರಿತು. ನಾನು ಹೋದ ದಿನ ಆಕೆ ಖುರಪಿ ಹಿಡಿದು ಮಗ ಹಚ್ಚಿದ್ದನ್ನೆಲ್ಲ ಕೆರೆಯುತ್ತಿದ್ದಳು. ಕಿಟಕಿಯ ಎದುರಿನ ಗೋಡೆ ಅರ್ಧ ಮುಗಿದಿತ್ತು.